ತವರದ ನಯಾಪೈಸೆ: ಪರೀಕ್ಷಾರ್ಥ ನಾಣ್ಯ ಎಂದು ಬಂದ ಒಂದು ಬಿಲ್ಲೆಯ ಪ್ರಕರಣ

ಅಡ್ಡಳತೆ 16 ಮಿಲಿಮೀಟರ್, ತೂಕ 1.56 ಗ್ರಾಂ, ಇಸವಿ 1957. ಒಂದು ಬದಿಯಲ್ಲಿ ಅಶೋಕಸ್ತಂಭದ ಸಿಂಹಗಳು, ಎಡಬಲಗಳಲ್ಲಿ ಹಿಂದಿ ಮತ್ತು ಇಂಗ್ಲಿಷಿನಲ್ಲಿ ದೇಶದ ಹೆಸರು. ಇನ್ನೊಂದು ಬದಿಯಲ್ಲಿ 1 ಎಂಬ ಅಂಕಿ, ನಯಾ ಪೈಸಾ ಎಂಬ ಬರಹ, ಇದು ರೂಪಾಯಿಯ ನೂರನೇ ಭಾಗ ಎಂದು ತಿಳಿಸುವ ಹಿಂದಿ ಸಾಲು. ಇಷ್ಟೇ ಆಗಿದ್ದರೆ ಬರೆಯಲು ಏನೂ ಇರಲಿಲ್ಲ. 1957ರ ಒಂದು ನಯಾಪೈಸೆ ಅವೆನ್ಯೂ ರಸ್ತೆಯ ಕಡೆ ಹಳೇ ನಾಣ್ಯ ಮಾರುವವರ ಡಬ್ಬಿಗಳಲ್ಲಿ ಈಗಲೂ ಸಿಗುತ್ತದೆ. ಆದರೆ ಆ ನಾಣ್ಯ ಕಂಚಿನದು, ಬಣ್ಣ ಕೆಂಪು ಅಥವಾ ಕಂದು. ಇದರ ಬಣ್ಣ ಬೂದುಬಿಳಿ.

ಬಂದದ್ದು ಬಸವನಗುಡಿಯ ಒಂದು ಹಳೆಯ ಮನೆಯ ಟ್ರಂಕಿನಿಂದ. ತಂದವರು ಆ ಮನೆಯ ಮೊಮ್ಮಗಳು, ಸಾಫ್ಟ್‌ವೇರ್ ಕೆಲಸದಲ್ಲಿರುವವರು. ನಾಣ್ಯಕ್ಕಿಂತ ಮೊದಲು ಅವರು ನನ್ನ ಮುಂದಿಟ್ಟದ್ದು ಲ್ಯಾಮಿನೇಟ್ ಮಾಡಿಸಿದ ಒಂದು ಹಾಳೆ. ಫೋಟೋ ನೋಡಿಯೇ ವ್ಯಾಪಾರಿಯೊಬ್ಬ ಕಳಿಸಿದ್ದ ಸರ್ಟಿಫಿಕೇಟ್ ಅದು. ದಶಮಾಂಶ ನಾಣ್ಯ ರೂಪಿಸುವಾಗ ಕಲ್ಕತ್ತಾ ಟಂಕಸಾಲೆಯಲ್ಲಿ ತವರದಲ್ಲಿ ಹೊಡೆದ ಪರೀಕ್ಷಾರ್ಥ ನಾಣ್ಯ, ಅತ್ಯಂತ ಅಪರೂಪ ಎಂದು ಅದರಲ್ಲಿತ್ತು. ಕೊಳ್ಳುವವರು ಸಿದ್ಧರಿದ್ದಾರೆ, ಲಕ್ಷಗಳ ಮಾತು, ಆದರೆ ಮೊದಲು ನೋಂದಣಿ ಶುಲ್ಕ ಕಟ್ಟಬೇಕು ಎಂದು ಫೋನಿನಲ್ಲಿ ಹೇಳಿದ್ದನಂತೆ.

“ಸರ್, ದುಡ್ಡಿನ ವಿಷಯ ಆಮೇಲೆ ನೋಡೋಣ. ಇದು ನಿಜವಾಗ್ಲೂ ಟ್ರಯಲ್ ಕಾಯಿನ್ನಾ? ಅಜ್ಜಿಗೆ ಅದೊಂದು ತಿಳೀಬೇಕಂತೆ” ಎಂದರು.

ಅಜ್ಜಿಯ ಆಸಕ್ತಿಗೆ ಕಾರಣವಿತ್ತು. ಅವರ ಯಜಮಾನರ ಅಣ್ಣ ಕಲ್ಕತ್ತೆಯಲ್ಲಿ, ಅಲಿಪುರದ ಟಂಕಸಾಲೆಯಲ್ಲಿ, ಲೆಕ್ಕಪತ್ರ ವಿಭಾಗದಲ್ಲಿ ನೌಕರಿಯಲ್ಲಿದ್ದವರು. ಬೇಸಿಗೆ ರಜೆಗೆ ಬೆಂಗಳೂರಿಗೆ ಬರುವಾಗ ಮಕ್ಕಳಿಗೆ ಹೊಸ ನಾಣ್ಯ ತಂದುಕೊಡುತ್ತಿದ್ದರು ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ಮಾತು. ಅವರ ನಿವೃತ್ತಿಯ ಕಾಗದವೂ ಅದೇ ಟ್ರಂಕಿನಲ್ಲಿತ್ತು. ಓದಿದೆ. ನೌಕರಿ ನಿಜ, ಊರು ನಿಜ, ಕಾಲವೂ ಹೊಂದುತ್ತದೆ. ಇದರ ಜೊತೆಗೆ ಮೂರನೆಯ ಸಾಕ್ಷಿ: ನಗರ್ತಪೇಟೆಯಲ್ಲಿ ಚಿನ್ನ ಪರೀಕ್ಷಿಸುವ ಕಡೆ, ಕ್ಷ-ಕಿರಣ ಬಿಟ್ಟು ಲೋಹ ಯಾವುದೆಂದು ಹೇಳುವ ಎಕ್ಸ್‌ಆರ್‌ಎಫ್ ಯಂತ್ರದಲ್ಲಿ ಇಡಿಸಿ ತಂದಿದ್ದ ಚೀಟಿ. ಅದರಲ್ಲಿ ತವರವೇ ಮೊದಲ ಸಾಲಿನಲ್ಲಿತ್ತು, ತಾಮ್ರ ಅದರ ಹಿಂದೆ, ಕೊನೆಗೆ ಒಂದಿಷ್ಟು ಸೀಸ.

ಬಣ್ಣ, ಮನೆತನದ ಕಥೆ, ಯಂತ್ರದ ಚೀಟಿ ಮೂರೂ ಒಂದೇ ಕಡೆಗೆ ಕೈತೋರಿಸುತ್ತಿದ್ದವು. ಅದಕ್ಕೇ ಈ ಪ್ರಕರಣವನ್ನು ವಿವರವಾಗಿ ಬರೆದಿಡಬೇಕು ಅನ್ನಿಸಿತು. ಸುಳ್ಳು ಹೇಳುವವರು ಯಾರೂ ಇಲ್ಲದ ಮನೆಯಿಂದಲೂ ತಪ್ಪು ತೀರ್ಮಾನ ಎಷ್ಟು ಸಲೀಸಾಗಿ ಹೊರಬರುತ್ತದೆ ಎಂಬುದು ಇಲ್ಲಿ ಚೆನ್ನಾಗಿ ಕಾಣುತ್ತದೆ.

ಪರೀಕ್ಷಾರ್ಥ ನಾಣ್ಯ ಎಂದರೆ

ಹೊಸ ನಾಣ್ಯ ಬರುವ ದಾರಿ ದೊಡ್ಡದು. ಕಲಾವಿದ ಬರೆದ ಚಿತ್ರ ಮೊದಲು ದೊಡ್ಡ ಅಳತೆಯ ಪ್ಲಾಸ್ಟರ್ ಅಚ್ಚಾಗುತ್ತದೆ. ಆ ಕಾಲದಲ್ಲಿ ಅದರ ಮೇಲೆ ಸೂಜಿ ಆಡಿಸುತ್ತ ಅದೇ ರೂಪವನ್ನು ನಾಣ್ಯದ ಅಳತೆಗೆ ಇಳಿಸಿ ಉಕ್ಕಿನಲ್ಲಿ ಕೊರೆಯುವ ಯಂತ್ರವಿತ್ತು. ಆ ಉಕ್ಕಿನಿಂದ ಮೂಲ ಅಚ್ಚು, ಮೂಲ ಅಚ್ಚಿನಿಂದ ಕೆಲಸದ ಅಚ್ಚುಗಳು. ನಡುವೆ ಪ್ರತಿ ಹಂತದಲ್ಲೂ ಹೊಡೆದು ನೋಡುವುದು ಇದ್ದೇ ಇರುತ್ತದೆ. ಅಚ್ಚು ಇನ್ನೂ ಹದಗೊಂಡಿಲ್ಲದಿದ್ದರೆ ಸೀಸ, ತವರದಂಥ ಮೆದು ಲೋಹದ ಮೇಲೆ ಒತ್ತಿ ನೋಡುತ್ತಾರೆ. ಕೆಲವೊಮ್ಮೆ ಒಂದೇ ಬದಿಯನ್ನು ಒತ್ತುತ್ತಾರೆ. ಆಮೇಲೆ ನಿಜವಾದ ಲೋಹದಲ್ಲಿ, ಬೇರೆ ಬೇರೆ ದಪ್ಪದಲ್ಲಿ, ಬೇರೆ ಬೇರೆ ಅಂಚಿನಲ್ಲಿ. ಅಧಿಕಾರಿಗಳು, ಮಂತ್ರಿಗಳು ನೋಡಿ ಒಪ್ಪಬೇಕಾದ ಮಾದರಿಗಳನ್ನು ಸಂಗ್ರಾಹಕರು ಪ್ಯಾಟರ್ನ್ ಎನ್ನುತ್ತಾರೆ; ಅಚ್ಚು ಅಥವಾ ಲೋಹ ಹೇಗೆ ಬರುತ್ತದೆಂದು ನೋಡಲು ಹೊಡೆದದ್ದನ್ನು ಟ್ರಯಲ್ ಎನ್ನುತ್ತಾರೆ.

ಎರಡರ ಹಿಂದೆಯೂ ಒಂದು ಉದ್ದೇಶವಿದೆ, ಆದೇಶವಿದೆ, ಎಣಿಕೆ ಇದೆ. ಎಷ್ಟು ಹೊಡೆದರು, ಯಾರಿಗೆ ಕೊಟ್ಟರು, ಎಷ್ಟು ವಾಪಸು ಬಂತು, ಎಷ್ಟನ್ನು ಕರಗಿಸಿದರು ಎಂಬ ಲೆಕ್ಕವೇ ಪರೀಕ್ಷಾರ್ಥ ನಾಣ್ಯದ ಜಾತಕ. ಲಂಡನ್ನಿನಲ್ಲಿ ಎಂಟನೇ ಎಡ್ವರ್ಡ್ ಪಟ್ಟಾಭಿಷೇಕವಾಗದೆಯೇ ಸಿಂಹಾಸನ ಬಿಟ್ಟಾಗ, 1937ರ ಇಸವಿ ಹೊತ್ತ ಹನ್ನೆರಡು ಮೂಲೆಯ ಹಿತ್ತಾಳೆಯ ಮೂರು ಪೆನ್ಸ್ ನಾಣ್ಯಗಳು ಕೆಲವು ಹೊರಗೇ ಉಳಿದವು. ಕಾಸು ಹಾಕಿ ಬಳಸುವ ಯಂತ್ರ ತಯಾರಿಸುವವರಿಗೆ ಪರೀಕ್ಷೆಗೆಂದು ಕೊಟ್ಟಿದ್ದವು ಅವು, ಎಲ್ಲವೂ ಹಿಂದಿರುಗಲಿಲ್ಲ. ಇಂದು ಅವು ಅಷ್ಟು ಬೆಲೆಬಾಳಲು ಕಾರಣ ಆ ಕೊಟ್ಟು ತಗೊಂಡ ಲೆಕ್ಕ ಗೊತ್ತಿರುವುದು. ಬಣ್ಣ ಬೇರೆ ಇದೆ, ತೂಕ ಬೇರೆ ಇದೆ ಎಂಬ ಒಂದೇ ಕಾರಣಕ್ಕೆ ಯಾವ ನಾಣ್ಯವೂ ಪರೀಕ್ಷಾರ್ಥ ನಾಣ್ಯ ಆಗುವುದಿಲ್ಲ. ನನ್ನ ಮಟ್ಟಿಗೆ ಈ ಪ್ರಕರಣದ ತಿರುಳು ಇದೇ.

ಬಣ್ಣ ಬೇರೆಯಾಗಲು ಇನ್ನೂ ಎರಡು ದಾರಿಗಳಿವೆ. ಒಂದು, ಟಂಕಸಾಲೆಯ ಕೈತಪ್ಪು. ಒಂದು ನಾಣ್ಯಕ್ಕೆ ಕತ್ತರಿಸಿದ ಖಾಲಿ ಬಿಲ್ಲೆ ಇನ್ನೊಂದರ ಯಂತ್ರಕ್ಕೆ ಹೋಗಿಬಿಡುವುದು, ಅಥವಾ ಎರಡು ನಾಣ್ಯಗಳ ಅಚ್ಚು ಜೋಡಿಯಾಗಿಬಿಡುವುದು. ನ್ಯೂಜಿಲೆಂಡ್ 1967ರಲ್ಲಿ ದಶಮಾಂಶಕ್ಕೆ ಬಂದಾಗ ಲಂಡನ್ನಿನಲ್ಲಿ ಅವರ ಎರಡು ಸೆಂಟಿನ ಅಚ್ಚು ಬಹಾಮಾದ ಐದು ಸೆಂಟಿನ ಅಚ್ಚಿಗೆ ಜೋಡಿಯಾಗಿ ಹೊರಬಂದದ್ದು ಇಂಥದ್ದೇ. ಇನ್ನೊಂದು, ನಾಣ್ಯ ಹೊರಬಂದ ಮೇಲೆ ಯಾರಾದರೂ ಅದರ ಮೇಲೆ ಕೈಯಾಡಿಸಿರುವುದು. ಗಿಲೀಟು, ಬಣ್ಣ, ಆಸಿಡ್ಡು, ಪಾದರಸ. ವ್ಯವಹಾರದಲ್ಲಿ ಕಾಣುವ ಬಿಳಿ ನಯಾಪೈಸೆಗಳಲ್ಲಿ ಹೆಚ್ಚಿನವು ಈ ಕೊನೆಯ ಗುಂಪಿಗೆ ಸೇರಿದವು.

1957ರ ಹೊತ್ತು

ಆ ವರ್ಷ ಏನಾಯಿತೆಂದು ಗೊತ್ತಿಲ್ಲದೆ ಈ ಬಿಲ್ಲೆಯನ್ನು ಅಳೆಯುವುದು ಕಷ್ಟ. ದಶಮಾಂಶದ ಯೋಚನೆ ಸ್ವಾತಂತ್ರ್ಯಕ್ಕಿಂತ ಹಳೆಯದು. 1946ರಲ್ಲೇ ಮಸೂದೆಯೊಂದು ಶಾಸನಸಭೆಗೆ ಬಂದಿತ್ತು, ಅಂದಿನ ರಾಜಕೀಯದಲ್ಲಿ ಮುಂದೆ ಸಾಗಲಿಲ್ಲ. 1955ರ ಸೆಪ್ಟೆಂಬರಿನಲ್ಲಿ ನಾಣ್ಯ ಕಾಯಿದೆಗೆ ತಿದ್ದುಪಡಿಯಾಯಿತು, 1957ರ ಏಪ್ರಿಲ್ 1ರಿಂದ ಜಾರಿಗೆ ಬಂತು. ರೂಪಾಯಿಯ ಹೆಸರೂ ಬೆಲೆಯೂ ಹಾಗೇ ಉಳಿದವು. ಹದಿನಾರು ಆಣೆ, ಅರವತ್ತನಾಲ್ಕು ಹಳೇ ಪೈಸೆ, ನೂರ ತೊಂಬತ್ತೆರಡು ಪೈ ಎಂಬ ಲೆಕ್ಕ ಹೋಗಿ ನೂರು ನಯಾಪೈಸೆ ಬಂತು. ಹಳೆಯದಕ್ಕೂ ಹೊಸದಕ್ಕೂ ಗೊಂದಲ ಬೇಡವೆಂದು ಸೇರಿಸಿದ ಆ ‘ನಯಾ’ 1964ರ ಜೂನ್ 1ರವರೆಗೆ ನಾಣ್ಯದ ಮೇಲಿತ್ತು. ಇಂಗ್ಲೆಂಡಿನವರು 1971ರಲ್ಲಿ ದಶಮಾಂಶಕ್ಕೆ ಬಂದಾಗ ಅವರೂ ‘ಹೊಸ ಪೆನ್ಸ್’ ಎಂದೇ ಬರೆದು ಹತ್ತು ವರ್ಷ ಇಟ್ಟುಕೊಂಡಿದ್ದರು.

ನಾಣ್ಯ ರೂಪಿಸಿದವರ ಮುಂದಿದ್ದ ಸಮಸ್ಯೆಯನ್ನು ಯೋಚಿಸಿದರೆ ಅವರ ಬಗ್ಗೆ ಗೌರವ ಮೂಡುತ್ತದೆ. ಓದು ಬಾರದವರು, ಕಣ್ಣು ಕಾಣದವರು ಬೆರಳಿನಿಂದಲೇ ಗುರುತು ಹಿಡಿಯಬೇಕು. ಅಂಚು ಅಲೆಯಲೆಯಾಗಿದ್ದ ಒಂದಾಣೆ 1907ರಿಂದಲೂ ಜನರ ಕೈಗೆ ರೂಢಿಯಾಗಿತ್ತು. ಅರ್ಧಾಣೆ, ಎರಡಾಣೆ ಚೌಕ. ಹೊಸ ಸಾಲಿನಲ್ಲೂ ಎರಡು ಮತ್ತು ಹತ್ತು ನಯಾಪೈಸೆಗೆ ಎಂಟು ಅಲೆಯ ಅಂಚು, ಐದಕ್ಕೆ ಚೌಕ. ಬೆಳ್ಳಿಯ ಬಣ್ಣದ ನಿಕ್ಕಲ್ ನಾಣ್ಯಗಳ ಅಡ್ಡಳತೆಯನ್ನು ಅವರು ಮುಟ್ಟಲೇ ಇಲ್ಲ. ಹಳೇ ಕಾಲುರೂಪಾಯಿ, ಅರ್ಧರೂಪಾಯಿ, ರೂಪಾಯಿ 19, 24, 28 ಮಿಲಿಮೀಟರ್. ಹೊಸ 25, 50 ನಯಾಪೈಸೆ ಮತ್ತು ರೂಪಾಯಿಯೂ ಅಷ್ಟೇ. ಬದಲಾದದ್ದು ತೂಕ. 45, 90, 180 ಗ್ರೇನ್ (ಸುಮಾರು 2.9, 5.8, 11.7 ಗ್ರಾಂ) ಇದ್ದದ್ದು 2.5, 5, 10 ಗ್ರಾಂ ಆಯಿತು. ಹೀಗಾಗಿ ಜನ ನಾಲ್ಕಾಣೆ, ಎಂಟಾಣೆ ಎನ್ನುವುದನ್ನು ಬಿಡಬೇಕಾಗಲಿಲ್ಲ. 25 ಪೈಸೆ ಚಲಾವಣೆ 2011ರ ಜೂನ್ 30ಕ್ಕೆ ನಿಲ್ಲುವ ತನಕ ಬೆಂಗಳೂರಿನಲ್ಲಿ ಅದು ನಾಲ್ಕಾಣೆಯಾಗಿಯೇ ಇತ್ತು.

ಕಷ್ಟ ಬಂದದ್ದು ಚಿಲ್ಲರೆಯ ತಳದಲ್ಲಿ. ಒಂದಾಣೆ ಎಂದರೆ ಆರೂಕಾಲು ನಯಾಪೈಸೆ, ಆದರೆ ಕಾಲು ಪೈಸೆ ಇಲ್ಲ. ಆದ್ದರಿಂದ ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25 ಎಂದು ಕೋಷ್ಟಕ ಮಾಡಿದರು. ಹಳೇ ಒಂದು ಪೈಸೆಗೆ 2 ನಯಾಪೈಸೆ, ಹಳೇ ಎರಡು ಪೈಸೆಗೆ 3. ಅಂದರೆ ಒಂದೊಂದು ಪೈಸೆಯ ವೀಳ್ಯದೆಲೆಯನ್ನು ಎರಡು ಸಲ ಕೊಂಡರೆ 4 ನಯಾಪೈಸೆ, ಒಟ್ಟಿಗೆ ಕೊಂಡರೆ 3. ಈ ಒಂದು ಪೈಸೆಗಾಗಿ ಅಂಗಡಿ ಮುಂದೆ ಎಷ್ಟು ವಾದ ನಡೆದಿರಬೇಕು! ನಮ್ಮಲ್ಲಿ ಆಗ ರಾಜ್ಯ ಒಂದುಗೂಡಿ ಇನ್ನೂ ಐದು ತಿಂಗಳು. ಬೀದರ, ಕಲಬುರಗಿ, ರಾಯಚೂರಿನ ಹಿರಿಯರು ನಿಜಾಮರ ಸಂಸ್ಥಾನದ ಸ್ವಂತ ನಾಣ್ಯವಾದ ‘ಹಾಲಿ ಸಿಕ್ಕಾ’ದ ಲೆಕ್ಕವನ್ನೂ ಕಂಡಿದ್ದವರು. ಅವರಿಗೆ ಇದು ಇನ್ನೊಂದು ಹೊಸ ಲೆಕ್ಕ.

ನಮ್ಮ ಬಿಲ್ಲೆ ಈ ಸಾಲಿನಲ್ಲಿ ಅತಿ ಚಿಕ್ಕದು. 1950ರ ಹಳೇ ಕಂಚಿನ ಪೈಸೆ 21 ಮಿಲಿಮೀಟರ್, ಸುಮಾರು 3 ಗ್ರಾಂ. ನಯಾಪೈಸೆ ಅದರ ಅರ್ಧ ತೂಕ, 1.5 ಗ್ರಾಂ. ರೂಪಾಯಿಗೆ ಪೂರ್ತಿ ಕಂಚಿನ ಚಿಲ್ಲರೆ ತೆಗೆದುಕೊಂಡರೆ ಮೊದಲು ಸುಮಾರು 190 ಗ್ರಾಂ ಆಗುತ್ತಿತ್ತು, ಈಗ 150. ಇಂಥ ಚಿಕ್ಕ ನಾಣ್ಯವನ್ನು ತವರದಲ್ಲಿ ಹೊಡೆದು ನೋಡಿರಲಿಕ್ಕಿಲ್ಲ ಎಂದು ಮೊದಲೇ ತಳ್ಳಿಹಾಕುವುದು ಸರಿಯಲ್ಲ. ಮೆದು ಲೋಹದ ಟ್ರಯಲ್ ಎಲ್ಲ ದೇಶದ ಟಂಕಸಾಲೆಗಳ ಪದ್ಧತಿ. ಸರ್ಟಿಫಿಕೇಟ್ ಬರೆದವನಿಗೆ ಅಷ್ಟು ಗೊತ್ತಿತ್ತು, ಅದಕ್ಕೇ ಅವನ ಮಾತು ನಂಬುವ ಹಾಗಿತ್ತು.

ಲೋಹ ಹೇಳಿದ್ದು

ಮೊದಲು ಅಯಸ್ಕಾಂತ. ಬಿಲ್ಲೆ ಅಲುಗಲಿಲ್ಲ. ಅಪ್ಪಟ ನಿಕ್ಕಲ್ ಆಗಿದ್ದರೆ ಹಾರಿ ಅಂಟುತ್ತಿತ್ತು, ದಪ್ಪ ನಿಕ್ಕಲ್ ಗಿಲೀಟು ಇದ್ದರೂ ಸ್ವಲ್ಪ ಎಳೆತ ಗೊತ್ತಾಗುತ್ತಿತ್ತು. ತಾಮ್ರ-ನಿಕ್ಕಲ್ ಮಿಶ್ರಣವನ್ನು ಅಯಸ್ಕಾಂತ ಎಳೆಯುವುದಿಲ್ಲ, ಆದರೆ ಯಂತ್ರದ ಚೀಟಿಯಲ್ಲಿ ನಿಕ್ಕಲ್ ಹೆಸರೇ ಇರಲಿಲ್ಲ. ಹಾಗಾಗಿ ತಾಮ್ರ-ನಿಕ್ಕಲ್‌ನ ಎರಡು ನಯಾಪೈಸೆಯ ಬಿಲ್ಲೆ ತಪ್ಪಿ ಇಲ್ಲಿಗೆ ಬಂದಿರಬಹುದು ಎಂಬ ಸಾಧ್ಯತೆ ಅಲ್ಲಿಗೆ ಮುಗಿಯಿತು.

ಆಮೇಲೆ ತೂಕ ಮತ್ತು ನೀರು. ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಸಿಕ್ಕಿದ್ದು ಇಲ್ಲೇ, ಅದೂ ಮನೆಯಲ್ಲೇ ಮಾಡಬಹುದಾದ ಪರೀಕ್ಷೆಯಿಂದ. ಕಂಚಿನ ಸಾಂದ್ರತೆ 8.8ರಿಂದ 8.9ರ ಸುಮಾರು, ತವರದ್ದು 7.3. ಇದೇ ಅಳತೆಯ, ಇದೇ ದಪ್ಪದ ಬಿಲ್ಲೆ ಪೂರ್ತಿ ತವರದ್ದಾಗಿದ್ದರೆ ಒಂದೂಕಾಲು ಗ್ರಾಂ ತೂಗಬೇಕು. ಇದು 1.56 ತೂಗುತ್ತಿದೆ. ಬಿಲ್ಲೆ ದಪ್ಪ ಇದ್ದಿರಬಹುದು ಎನ್ನುವವರಿಗಾಗಿ ನೀರಿನ ಲೆಕ್ಕ. ವಜ್ರ ತೂಗುವ, ಮಿಲಿಗ್ರಾಂವರೆಗೆ ತೋರಿಸುವ ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು, ಬಿಲ್ಲೆಯನ್ನು ಸಣ್ಣ ದಾರದಲ್ಲಿ ತಳ ಮುಟ್ಟದಂತೆ ಮುಳುಗಿಸಿದರೆ ಏರುವ ತೂಕವೇ ಅದರ ಗಾತ್ರ. 0.177 ಗ್ರಾಂ ಏರಿತು, ಅಂದರೆ ಗಾತ್ರ 0.177 ಘನ ಸೆಂಟಿಮೀಟರ್. 1.56ನ್ನು 0.177ರಿಂದ ಭಾಗಿಸಿದರೆ 8.8. ಪೂರ್ತಿ ತವರವಾಗಿದ್ದರೆ ಆ ತೂಕಕ್ಕೆ 0.21ರ ಮೇಲೆ ಬರಬೇಕಿತ್ತು. ಒಳಗಿರುವುದು ಕಂಚು. 1.5 ಗ್ರಾಂನ ಸಾಮಾನ್ಯ ನಯಾಪೈಸೆಯ ಮೇಲೆ 60 ಮಿಲಿಗ್ರಾಂನಷ್ಟು ಬೇರೇನೋ ಕೂತಿದೆ.

ಒಂದು ಎಚ್ಚರಿಕೆ ಹೇಳಬೇಕು. ನಿಕ್ಕಲ್, ತಾಮ್ರ-ನಿಕ್ಕಲ್, ಕಂಚು ಮೂರರ ಸಾಂದ್ರತೆಯೂ ಹೆಚ್ಚುಕಡಿಮೆ ಒಂದೇ. ಗಿಲೀಟು ನಿಕ್ಕಲ್‌ನದ್ದಾಗಿದ್ದರೆ ನೀರಿನ ಪರೀಕ್ಷೆಯಿಂದ ಏನೂ ತಿಳಿಯುತ್ತಿರಲಿಲ್ಲ. ತವರ ಹಗುರ ಲೋಹವಾದ್ದರಿಂದ ಇಲ್ಲಿ ಅದು ಫಲ ಕೊಟ್ಟಿತು.

ಹಾಗಾದರೆ ಯಂತ್ರದ ಚೀಟಿ ಸುಳ್ಳೇ? ಅಲ್ಲ. ಆ ಯಂತ್ರ ಓದುವುದು ಮೈಕ್ರಾನ್‌ಗಳ ಲೆಕ್ಕದ ಮೇಲ್ಪದರವನ್ನು. ಮೇಲೆ ತವರವಿದ್ದರೆ ತವರ ಎನ್ನುತ್ತದೆ. ಚಿನ್ನದ ಪರೀಕ್ಷೆ ಮಾಡುವವರಿಗೆ ಇದು ಚೆನ್ನಾಗಿ ಗೊತ್ತು. ಗಿಲೀಟು ಬಳೆಯ ಅನುಮಾನ ಬಂದರೆ ಅವರು ಉಜ್ಜಿ ಮತ್ತೆ ಇಡುತ್ತಾರೆ. ನಾಣ್ಯವನ್ನು ಉಜ್ಜುವ ಹಾಗಿಲ್ಲ. ಆದರೆ ಭೂತಗನ್ನಡಿಯಲ್ಲಿ ನೋಡುವಾಗ ಅಂಚಿನಲ್ಲಿ ಎದುರುಬದುರಾಗಿ ಎರಡು ಕಡೆ ಅಕ್ಕಿಕಾಳಿನಷ್ಟು ಜಾಗ ಕಂದು ಬಣ್ಣದ್ದಿತ್ತು. ಅಲ್ಲಿಗೆ ಮಾತ್ರ ಕಿರಣ ಬೀಳುವಂತೆ ಮತ್ತೆ ಇಡಿಸಿದಾಗ ತಾಮ್ರ ಮೇಲೆ ಬಂತು, ತವರ ತೀರಾ ಕೆಳಗೆ ಹೋಯಿತು.

ಆ ಎರಡು ಕಂದು ಗುರುತು ನನ್ನನ್ನು ಬಹಳ ಹೊತ್ತು ಹಿಡಿದಿಟ್ಟವು. ಯಾವುದಾದರೂ ಕಾರ್ಖಾನೆಯ ತೊಟ್ಟಿಯಲ್ಲಿ ವಿದ್ಯುತ್ತಿನಿಂದ ಗಿಲೀಟು ಮಾಡಿದ್ದರೆ ತಂತಿ ಕಟ್ಟಿದ ಒಂದು ಸಣ್ಣ ಗುರುತು ಇರುತ್ತಿತ್ತು, ಪದರ ಎರಡೂ ಬದಿ ಸಮನಾಗಿರುತ್ತಿತ್ತು. ಇಲ್ಲಿ ಸಿಂಹಗಳ ಬದಿ ತೆಳು, ಅಂಕಿಯ ಬದಿ ದಪ್ಪ. ಓರೆ ಬೆಳಕಿನಲ್ಲಿ ಹಿಡಿದರೆ ಅಂಕಿಯ ಬದಿಯ ಮೇಲೆಲ್ಲ ಒಂದೇ ದಿಕ್ಕಿನ ಸಣ್ಣ ಗೆರೆಗಳು. ಅಕ್ಷರಗಳ ಒಂದು ಮಗ್ಗುಲಲ್ಲಿ ಲೋಹ ಗುಡ್ಡೆಯಾಗಿ, ಇನ್ನೊಂದು ಮಗ್ಗುಲಲ್ಲಿ ಬರಿದಾಗಿತ್ತು. ಕರಗಿದ ತವರವನ್ನು ಹತ್ತಿಯಿಂದ ಒಂದೇ ಎಳೆತಕ್ಕೆ ಒರೆಸಿದಾಗ ಹೀಗಾಗುತ್ತದೆ. ಎದುರುಬದುರಿನ ಕಂದು ಜಾಗ ಇಕ್ಕಳ ಹಿಡಿದ ಗುರುತು.

ಕಲಾಯಿ. ಹಿತ್ತಾಳೆ, ತಾಮ್ರದ ಪಾತ್ರೆಗೆ ಹಾಕುವ ಅದೇ ಕಲಾಯಿ. ಪಾತ್ರೆಯನ್ನು ಕೆಂಡದ ಮೇಲೆ ಕಾಯಿಸಿ, ನವಸಾಗರದ ಪುಡಿ ಎರಚಿ, ತವರದ ಕಡ್ಡಿ ತಾಗಿಸಿ, ಹತ್ತಿಯಿಂದ ಒರೆಸುತ್ತಾರೆ. ಬಿಳಿ ಹೊಗೆ ಏಳುತ್ತದೆ, ಪಾತ್ರೆಯ ಒಳಗೆ ಕ್ಷಣದಲ್ಲಿ ಬೆಳ್ಳಿಯ ಹೊಳಪು. ತವರ 232 ಡಿಗ್ರಿಗೆ ಕರಗುತ್ತದೆ, ಆ ಶಾಖಕ್ಕೆ ಕಂಚಿನ ನಾಣ್ಯಕ್ಕೆ ಏನೂ ಆಗುವುದಿಲ್ಲ. ಬೀದಿಯ ಕಲಾಯಿಯಲ್ಲಿ ತವರದ ಜೊತೆ ಸೀಸ ಬೆರೆಸುವುದು ಇತ್ತು, ಚೀಟಿಯ ಕೊನೆಯ ಸಾಲು ಅದಕ್ಕೂ ಹೊಂದುತ್ತದೆ.

ಇನ್ನೊಂದು ವಿಷಯ ಓರೆ ಬೆಳಕೇ ತೋರಿಸಿತು. ಇಸವಿಯ ಕೆಳಗೆ ತವರ ತುಂಬಿ ಬಯಲಾಗಿ ಕಾಣುತ್ತಿದ್ದ ಜಾಗದಲ್ಲಿ ಒಂದು ಸಣ್ಣ ಉಬ್ಬು, ನಾಲ್ಕು ಮೂಲೆಯದು. ಅದು ವಜ್ರದಾಕಾರದ ಗುರುತು, ಮುಂಬೈ ಟಂಕಸಾಲೆಯದು. ಕಲ್ಕತ್ತೆಯ ನಾಣ್ಯಕ್ಕೆ ಗುರುತೇ ಇರುವುದಿಲ್ಲ. ಗುರುತು ಇಲ್ಲದಿರುವುದೇ ಅದರ ಗುರುತು. ಫೋಟೋದಲ್ಲಿ ಏನೂ ಕಾಣದ್ದರಿಂದ ವ್ಯಾಪಾರಿ ಕಲ್ಕತ್ತಾ ಎಂದು ಬರೆದ, ಅದು ಮನೆಯ ಕಥೆಗೆ ಸರಿಯಾಗಿ ಕೂತುಬಿಟ್ಟಿತು. ನಿಜದಲ್ಲಿ ಈ ನಾಣ್ಯ ಹುಟ್ಟಿದ್ದು ಮುಂಬೈಯಲ್ಲಿ.

ಸವೆತವನ್ನೂ ನೋಡಿದೆ. ನಡುವಿನ ಸಿಂಹದ ಕೇಸರ ತವರದ ಕೆಳಗೇ ಸವೆದಿತ್ತು. ಅಂದರೆ ಕಲಾಯಿ ಬೀಳುವ ಮೊದಲೇ ಈ ಪೈಸೆ ಹತ್ತಾರು ಕೈ ದಾಟಿ ಬಂದಿತ್ತು. ಟಂಕಸಾಲೆಯ ಕಪಾಟಿನಲ್ಲಿದ್ದ ಮಾದರಿ ಹಾಗೆ ಸವೆಯುವುದಿಲ್ಲ.

ಕಥೆ ಮತ್ತು ಕಾಗದ

ಅಜ್ಜಿಯ ಮನೆಗೆ ಹೋಗಿ ಇದನ್ನು ಹೇಳಬೇಕಾಗಿತ್ತು. ನಾಣ್ಯವನ್ನು ಕೈಯಲ್ಲಿ ಹಿಡಿದು, “ಹಾಗಾದ್ರೆ ನಮ್ಮ ಭಾವನವರು ತಂದಿದ್ದಲ್ವಾ ಇದು?” ಎಂದು ಕೇಳಿದರು.

“ಅವರು ತಂದುಕೊಟ್ಟ ನಾಣ್ಯ ಬೇರೆ ಇರಬಹುದಮ್ಮ. ಇದು ಮುಂಬೈದು. ಆಮೇಲೆ ಯಾರೋ ಕಲಾಯಿ ಹಾಕಿಸಿದಾರೆ.”

“ಕಲಾಯಿಯೋನು ಬರ್ತಿದ್ದನಪ್ಪಾ, ಇಲ್ಲೇ ಮರದ ಕೆಳಗೆ ತಿದಿ ಹಾಕ್ಕೊಂಡು ಕೂತ್ಕೋತಿದ್ದ. ಹುಡುಗ್ರೆಲ್ಲ ಸುತ್ತ ನಿಂತಿರೋರು. ಪೈಸೆಗೆ ಹಾಕಿಸಿದ್ದು ನಾನು ಕಾಣೆ.”

ಅವರ ಈ ಪ್ರಾಮಾಣಿಕ ಮಾತು ನನಗೆ ಬಹಳ ಹಿಡಿಸಿತು. ಹೌದು, ಹುಡುಗರೇ ಹಾಕಿಸಿರೋದು ಎಂದು ಅವರು ಹೇಳಿಬಿಟ್ಟಿದ್ದರೆ ಕೇಳುವವರಿಗೆ ಚೆನ್ನಾಗಿರುತ್ತಿತ್ತು, ಆದರೆ ನಾನು ಅದನ್ನೂ ಸಾಕ್ಷಿ ಎಂದು ಬರೆದುಕೊಳ್ಳುತ್ತಿರಲಿಲ್ಲ. ಭಾವನವರ ಕಥೆಗೆ ಯಾವ ಮಿತಿಯೋ ಇದಕ್ಕೂ ಅದೇ ಮಿತಿ. ಕಲಾಯಿ ಎಂಬ ತೀರ್ಮಾನ ನಿಂತಿರುವುದು ಇಕ್ಕಳದ ಗುರುತು, ಒರೆಸಿದ ಗೆರೆ, 8.8ರ ಸಾಂದ್ರತೆ ಇವುಗಳ ಮೇಲೆ. ಹಾಕಿಸಿದ್ದು ಯಾಕೆ ಎಂಬುದಕ್ಕೆ ನಾಣ್ಯದಲ್ಲಿ ಉತ್ತರವಿಲ್ಲ. ಮೋಸಕ್ಕಂತೂ ಇರಲಾರದು; 16 ಮಿಲಿಮೀಟರಿನ ಬಿಳಿ ನಾಣ್ಯ ಆ ಸಾಲಿನಲ್ಲಿ ಇರಲೇ ಇಲ್ಲ, 25ರದ್ದು ಇದಕ್ಕಿಂತ ಎದ್ದು ಕಾಣುವಷ್ಟು ದೊಡ್ಡದು.

ಮೊಮ್ಮಗಳು ಇನ್ನೊಂದು ಪ್ರಶ್ನೆ ಕೇಳಿದರು, ಒಳ್ಳೆಯ ಪ್ರಶ್ನೆ. “ಒಂದು ವೇಳೆ ನಿಜವಾಗ್ಲೂ ಟ್ರಯಲ್ ಆಗಿದ್ದಿದ್ರೆ?”

ಆಗ ತೊಂದರೆ ಹೆಚ್ಚಾಗುತ್ತಿತ್ತು. ಟಂಕಸಾಲೆಯ ನೌಕರನೊಬ್ಬ ಕಾನೂನು ಗೊತ್ತುಮಾಡಿದ್ದಕ್ಕಿಂತ ಬೇರೆ ತೂಕದ, ಬೇರೆ ಮಿಶ್ರಣದ ನಾಣ್ಯವನ್ನು ಬೇಕೆಂದೇ ಹೊರಡಿಸಿದರೆ ಭಾರತೀಯ ದಂಡ ಸಂಹಿತೆಯ 244ನೇ ಕಲಮಿನಲ್ಲಿ ಏಳು ವರ್ಷದವರೆಗೆ ಸಜೆ ಇತ್ತು. ಅಧಿಕೃತ ಟ್ರಯಲ್ ಆಗಿದ್ದರೆ ಅದು ಸರ್ಕಾರದ ಸ್ವತ್ತು, ಹೊರಗೆ ಹೇಗೆ ಬಂತು ಎಂಬುದೇ ಮೊದಲ ಪ್ರಶ್ನೆ. ಅಮೆರಿಕದಲ್ಲಿ 1974ರಲ್ಲಿ ತಾಮ್ರ ತುಟ್ಟಿಯಾಯಿತೆಂದು ಒಂದು ಸೆಂಟಿನ ನಾಣ್ಯವನ್ನು ಅಲ್ಯೂಮಿನಿಯಂನಲ್ಲಿ ಹೊಡೆದು ನೋಡಿದರು. ಯೋಜನೆ ಕೈಬಿಟ್ಟು ನಾಣ್ಯ ಕರಗಿಸಿದರು. ಡೆನ್ವರ್ ಟಂಕಸಾಲೆಯ ಹಿರಿಯ ಅಧಿಕಾರಿಯೊಬ್ಬರ ಮಗನ ಹತ್ತಿರ ಅಂಥ ಒಂದು ನಾಣ್ಯ ಉಳಿದಿತ್ತು. ಅದು ವ್ಯಾಪಾರಿಯ ಕೈಸೇರಿ ಹರಾಜಿಗೆ ಹೊರಟಾಗ ಸರ್ಕಾರ ತನ್ನದೆಂದು ತಗಾದೆ ತೆಗೆಯಿತು, 2016ರಲ್ಲಿ ನಾಣ್ಯ ಸರ್ಕಾರಕ್ಕೇ ಮರಳಿತು. ನಮ್ಮ ಮನೆಯವರೊಬ್ಬರು ಟಂಕಸಾಲೆಯಲ್ಲಿದ್ದರು ಎಂಬ ಮಾತು ಮಾರುವವರ ಪರವಾಗಿಯೇ ಕೆಲಸ ಮಾಡಬೇಕೆಂದೇನೂ ಇಲ್ಲ. ಸರ್ಟಿಫಿಕೇಟ್ ಕೊಟ್ಟವನು ಇದರ ಬಗ್ಗೆ ಒಂದು ಅಕ್ಷರ ಹೇಳಿರಲಿಲ್ಲ.

ಹೇಳದೆ ಇದ್ದದ್ದು ಅಷ್ಟೇ ಅಲ್ಲ. ಹಳೇ ನಾಣ್ಯ ಕೊಳ್ಳುತ್ತೇವೆಂದು ತನ್ನ ಹೆಸರು ಬಳಸಿ ಶುಲ್ಕ, ಕಮಿಷನ್, ತೆರಿಗೆ ಕೇಳುವವರ ಬಗ್ಗೆ ರಿಸರ್ವ್ ಬ್ಯಾಂಕೇ 2021ರ ಆಗಸ್ಟಿನಲ್ಲಿ ಸಾರ್ವಜನಿಕರಿಗೆ ಎಚ್ಚರಿಕೆ ಕೊಟ್ಟಿದೆ. ನಿಜವಾದ ಕೊಳ್ಳುಗ ನಾಣ್ಯ ನೋಡಲು ಬಯಸುತ್ತಾನೆ. ನೋಡದೆ ಶುಲ್ಕ ಕೇಳುವವನಿಗೆ ನಾಣ್ಯ ಬೇಕಾಗಿಲ್ಲ. ಈ ಮಾತನ್ನು ಕೆ.ಜಿ. ರಸ್ತೆಯ ಶಿಕ್ಷಕರ ಸದನದಲ್ಲಿ ನಾಣ್ಯ ಪ್ರದರ್ಶನಗಳಿಗೆ ಬರುವ ಹೊಸಬರಿಗೆ ನಾನು ಪ್ರತಿ ಸಲ ಹೇಳುತ್ತೇನೆ, ಇಲ್ಲಿಯೂ ಹೇಳುತ್ತಿದ್ದೇನೆ.

ನನ್ನ ದೂರು ಇನ್ನೊಂದು ಕಡೆಯೂ ಇದೆ. ನಯಾಪೈಸೆಯ ಸಾಲು ರೂಪಿಸಿದಾಗ ಏನೇನು ಹೊಡೆದು ನೋಡಿದರು, ಯಾವ ಆಕಾರ ಬಿಟ್ಟರು, ಯಾವ ಲೋಹ ಬೇಡವೆಂದರು ಎಂಬುದು ಜನಸಾಮಾನ್ಯರ ಕೈಗೆಟುಕುವ ಹಾಗೆ ಚಿತ್ರಸಮೇತ ಪ್ರಕಟವಾಗಬೇಕು. ಅದು ಈ ಗಣರಾಜ್ಯದ ಮೊದಲ ದೊಡ್ಡ ಆಡಳಿತ ಬದಲಾವಣೆಗಳಲ್ಲೊಂದು. ದೇಶದ ಪ್ರತಿಯೊಬ್ಬರ ಜೇಬಿಗೂ ಅದು ಬಂತು. ಅಂಥ ಪಟ್ಟಿಯೊಂದು ಎಲ್ಲರಿಗೂ ಸಿಗುವಂತಿದ್ದರೆ ಬಸವನಗುಡಿಯ ಒಬ್ಬ ಹುಡುಗಿ ತಾನೇ ತೆರೆದು ನೋಡಿ ಉತ್ತರ ಕಂಡುಕೊಳ್ಳಬಹುದು. ಪಟ್ಟಿ ಇಲ್ಲದ ಕಡೆ ಸರ್ಟಿಫಿಕೇಟ್ ಅಂಗಡಿ ತೆರೆಯುತ್ತದೆ.

ಟ್ರಂಕಿನಲ್ಲಿದ್ದ ಇನ್ನೊಂದು ಕಾಗದವನ್ನು ಯಾರೂ ಗಮನಿಸಿರಲಿಲ್ಲ. ಅಂಗಡಿಯೊಂದು ಹಂಚಿದ್ದ ಕ್ಯಾಲೆಂಡರಿನ ಹಿಂಭಾಗದಲ್ಲಿ ಕನ್ನಡದಲ್ಲಿ ಅಚ್ಚಾಗಿದ್ದ ಆಣೆ-ನಯಾಪೈಸೆ ಕೋಷ್ಟಕ. ಬದಿಯಲ್ಲಿ ಅಜ್ಜಿಯ ಯಜಮಾನರು ಪೆನ್ಸಿಲ್ಲಿನಲ್ಲಿ ಹಾಲು, ಸೀಮೆಎಣ್ಣೆ, ಅಂಚೆಯ ದರ ಇವನ್ನು ಹೊಸ ಲೆಕ್ಕಕ್ಕೆ ಇಳಿಸಿದ್ದರು. ಒಂದೆರಡು ಕಡೆ ಅರ್ಧ ಪೈಸೆಯ ಮುಂದೆ ಪ್ರಶ್ನೆ ಚಿಹ್ನೆ. ಕಲಾಯಿ ಪೈಸೆಗಿಂತ ಇದು ಸಾವಿರ ಪಾಲು ಮುಖ್ಯವಾದ ದಾಖಲೆ ಎಂದು ಹೇಳಿದೆ. ಒಂದು ಮನೆ ದಶಮಾಂಶಕ್ಕೆ ಹೇಗೆ ಹೊಂದಿಕೊಂಡಿತು ಎಂಬುದು ಇದರಲ್ಲಿ ಅವರ ಕೈಬರಹದಲ್ಲೇ ಇದೆ. ಮೊಮ್ಮಗಳು ಎರಡೂ ಬದಿ ಸ್ಕ್ಯಾನ್ ಮಾಡಿಸಿ, ಆಮ್ಲವಿಲ್ಲದ ಕಾಗದದ ನಡುವೆ ಇಟ್ಟಿದ್ದಾರೆ.

ನಾಣ್ಯಕ್ಕೆ ನಾನು ಬರೆದುಕೊಟ್ಟ ವರದಿ ಚಿಕ್ಕದು: 1957, ಒಂದು ನಯಾಪೈಸೆ, ಕಂಚು, ಮುಂಬೈ ಟಂಕಸಾಲೆ, ಚಲಾವಣೆಯಲ್ಲಿ ಸವೆದದ್ದು, ಹೊರಗೆ ಕೈಯಿಂದ ತವರದ ಕಲಾಯಿ ಹಾಕಲಾಗಿದೆ, ಪರೀಕ್ಷಾರ್ಥ ನಾಣ್ಯವಲ್ಲ. ಕೆಳಗೆ ತೂಕ, ನೀರಿನ ಲೆಕ್ಕ, ಎರಡೂ ಯಂತ್ರದ ಚೀಟಿಗಳ ಪ್ರತಿ, ಓರೆ ಬೆಳಕಿನಲ್ಲಿ ತೆಗೆದ ಫೋಟೋ. ತವರವನ್ನು ಕಿತ್ತು ಕಂಚು ಹೊರತೆಗೆಯಬೇಡಿ, ಹೀಗೇ ಇರಲಿ ಎಂದು ಹೇಳಿದೆ, ಒಪ್ಪಿದರು. ವ್ಯಾಪಾರಿಗೆ ವರದಿಯ ಚಿತ್ರ ಕಳಿಸಿದ ಮೇಲೆ ಅವನ ಫೋನು ಬರುವುದು ನಿಂತಿತು. ಲ್ಯಾಮಿನೇಟ್ ಮಾಡಿದ ಸರ್ಟಿಫಿಕೇಟನ್ನು ಮೊಮ್ಮಗಳು ಹರಿಯಲು ಹೊರಟಿದ್ದರು. ಬೇಡವೆಂದೆ. ಅದರ ಬೆನ್ನಿಗೆ ನಮ್ಮ ವರದಿಯನ್ನು ಅಂಟಿಸಿ, ಎರಡನ್ನೂ ನಾಣ್ಯದ ಜೊತೆಗೇ ಇಟ್ಟಿದ್ದೇವೆ; ಮುಂದೆ ಆ ಮನೆಯಲ್ಲಿ ಟ್ರಂಕು ತೆರೆಯುವವರಿಗೆ ಒಂದು ಸಿಕ್ಕರೆ ಇನ್ನೊಂದೂ ಸಿಗುತ್ತದೆ.